ಸ್ಪಿನ್ ಚೈನಿನಲ್ಲಿ ಕೇಯಾಸ್ ಸಿಗುತ್ತಿಲ್ಲವೇ? ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಎಂ.ಎಸ್ಸಿ. ಪ್ರಾಜೆಕ್ಟಿಗೆ ಕ್ವಾಂಟಮ್ ಕೇಯಾಸ್ ಆರಿಸಿಕೊಂಡು, ಸ್ಪಿನ್ ಚೈನ್ (ಸಾಲಾಗಿ ಜೋಡಿಸಿದ ಸ್ಪಿನ್‌ಗಳ ಸರಪಳಿ) ಲೆಕ್ಕ ಹಾಕಲು ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿಯ ಹಾಸ್ಟೆಲಿನಲ್ಲೋ ಚಿತ್ರದುರ್ಗದ ಮನೆಯಲ್ಲೋ 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್ ಮುಂದೆ ಕೂತು, "ಪೇಪರಿನಲ್ಲಿ ಬಂದ ಉತ್ತರ ನನಗೇಕೆ ಬರುತ್ತಿಲ್ಲ" ಎಂದು ತಲೆ ಕೆರೆದುಕೊಳ್ಳುತ್ತಿರುವವರಿಗೆ ಇದು. ನಿಮ್ಮ ಪರದೆಯಲ್ಲಿ ಕಾಣುವ ಲಕ್ಷಣ ಯಾವುದೋ ಆ ಭಾಗಕ್ಕೆ ನೇರ ಹೋಗಬಹುದು. ಆದರೆ "ಮೊದಲು ಅಳತೆಗೋಲು" ಎಂಬ ಭಾಗವನ್ನು ಮಾತ್ರ ಯಾರೂ ದಾಟಿ ಹೋಗಬೇಡಿ.

ಕ್ಲಾಸಿಕಲ್ ಕೇಯಾಸ್‌ನಲ್ಲಿ ಹತ್ತಿರದ ಎರಡು ಪಥಗಳು ಎಷ್ಟು ಬೇಗ ದೂರವಾಗುತ್ತವೆ ಎಂದು ಅಳೆಯುತ್ತೇವೆ. ಕ್ವಾಂಟಮ್‌ನಲ್ಲಿ ಆ ದಾರಿ ಇಲ್ಲ. ಶ್ರೋಡಿಂಗರ್ ಸಮೀಕರಣ ರೇಖೀಯ. ಎರಡು ಸ್ಥಿತಿಗಳ ಇನ್ನರ್ ಪ್ರಾಡಕ್ಟ್ ಎಷ್ಟು ಹೊತ್ತಾದರೂ ಬದಲಾಗದು. ಹಾಗಾಗಿ ಶಕ್ತಿಮಟ್ಟಗಳ ನಡುವಿನ ಅಂತರವನ್ನು ನೋಡುತ್ತೇವೆ. ಇಂಟಿಗ್ರೇಬಲ್ (ಕೇಯಾಸ್ ಇಲ್ಲದ, ಪೂರ್ತಿ ಬಿಡಿಸಬಲ್ಲ) ವ್ಯವಸ್ಥೆಯ ಮಟ್ಟಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಬೀಳುತ್ತವೆ ಎಂದು ಬೆರ್ರಿ ಮತ್ತು ಟೇಬರ್ 1977ರಲ್ಲಿ ಹೇಳಿದರು. ಕೇಯಾಸ್ ಇರುವಲ್ಲಿ ಮಟ್ಟಗಳು ರ‍್ಯಾಂಡಮ್ ಮ್ಯಾಟ್ರಿಕ್ಸಿನ ಮಟ್ಟಗಳಂತೆ ಪರಸ್ಪರ ದೂರ ಸರಿಯುತ್ತವೆ ಎಂಬುದು 1984ರಲ್ಲಿ ಬೊಹಿಗಾಸ್, ಜಿಯಾನೋನಿ, ಶ್ಮಿಟ್ ಮುಂದಿಟ್ಟ ಊಹೆ. ಪ್ರಾಜೆಕ್ಟಿನ ಬಹುಪಾಲು ನಿಂತಿರುವುದು ಈ ಎರಡರ ಮೇಲೆ.

ಅಳೆಯುವ ಸಂಖ್ಯೆ ಆರ್. ಪಕ್ಕಪಕ್ಕದ ಎರಡು ಅಂತರಗಳಲ್ಲಿ ಚಿಕ್ಕದನ್ನು ದೊಡ್ಡದರಿಂದ ಭಾಗಿಸಿ, ಎಲ್ಲಾ ಮಟ್ಟಗಳ ಮೇಲೆ ಸರಾಸರಿ ತೆಗೆಯಿರಿ. ಓಗನೇಸ್ಯಾನ್ ಮತ್ತು ಹ್ಯೂಸ್ 2007ರಲ್ಲಿ ತಂದ ಈ ಅಳತೆಗೆ ಅನ್‌ಫೋಲ್ಡಿಂಗ್ (ಸರಾಸರಿ ಅಂತರ ಎಲ್ಲೆಡೆ 1 ಆಗುವಂತೆ ಮಟ್ಟಗಳನ್ನು ಹಿಗ್ಗಿಸಿ ಕುಗ್ಗಿಸುವುದು) ಬೇಕಿಲ್ಲ. ನೆನಪಿಡಬೇಕಾದ ಬೆಲೆಗಳು: ಪೊಯ್ಸಾನ್ (ಸಂಬಂಧವಿಲ್ಲದ ಮಟ್ಟಗಳು) 0.386, ಜಿಒಇ (ರಿಯಲ್ ಸಿಮೆಟ್ರಿಕ್ ರ‍್ಯಾಂಡಮ್ ಮ್ಯಾಟ್ರಿಕ್ಸ್) 0.531, ಜಿಯುಇ (ಕಾಂಪ್ಲೆಕ್ಸ್ ಹರ್ಮಿಷಿಯನ್ ರ‍್ಯಾಂಡಮ್ ಮ್ಯಾಟ್ರಿಕ್ಸ್) 0.600. ಕೆಲವೆಡೆ ಜಿಒಇಗೆ 0.536 ಎಂದು ಬರೆದಿರುತ್ತಾರೆ. ಅದು ಮೂರು-ಮೂರರ ಮ್ಯಾಟ್ರಿಕ್ಸಿನಿಂದ ಬಂದ ಸೂತ್ರದ ಬೆಲೆ (4 − 2√3). ದೊಡ್ಡ ಮ್ಯಾಟ್ರಿಕ್ಸಿಗೆ 0.531 ಸರಿ. ಈ 0.005ರ ವ್ಯತ್ಯಾಸಕ್ಕೆ ಕೋಡ್ ತಿದ್ದಲು ಹೋಗಬೇಡಿ.

ಕೆಳಗಿನ ಉದಾಹರಣೆಗಳೆಲ್ಲ ಒಂದೇ ಮಾದರಿಯವು: ಎರಡು ಕ್ಷೇತ್ರಗಳಿರುವ ಐಸಿಂಗ್ ಸರಪಳಿ, ತುದಿಗಳು ಬಿಡಿ, 12 ಸ್ಪಿನ್, ಪಕ್ಕದ ಸ್ಪಿನ್‌ಗಳ ನಂಟು 1, ಅಡ್ಡ ಕ್ಷೇತ್ರ 0.9045, ಉದ್ದ ಕ್ಷೇತ್ರ 0.8090. ಕಿಮ್ ಮತ್ತು ಹ್ಯೂಸ್ 2013ರಲ್ಲಿ ಬಳಸಿದ ಬೆಲೆಗಳಿವು. ಸಣ್ಣ ಸರಪಳಿಯಲ್ಲೇ ಕೇಯಾಸ್ ಗಟ್ಟಿಯಾಗಿ ಕಾಣುತ್ತದೆ, ಹಾಗಾಗಿ ಕಲಿಯಲು ಇದಕ್ಕಿಂತ ಒಳ್ಳೆಯ ಮಾದರಿ ಹುಡುಕಬೇಕಿಲ್ಲ.

## ಮೊದಲು ಅಳತೆಗೋಲು

ಮಾದರಿಯನ್ನು ಅನುಮಾನಿಸುವ ಮೊದಲು ಆರ್ ಲೆಕ್ಕ ಹಾಕುವ ನಾಲ್ಕು ಸಾಲಿನ ಕೋಡನ್ನು ಅನುಮಾನಿಸಿ. ಖರ್ಚು ಐದು ನಿಮಿಷ.

ಹತ್ತು ಸಾವಿರ ರ‍್ಯಾಂಡಮ್ ಸಂಖ್ಯೆ ತೆಗೆದು, ಏರಿಕೆ ಕ್ರಮದಲ್ಲಿ ಜೋಡಿಸಿ, ಆರ್ ನೋಡಿ. 0.386 ಬರಬೇಕು. ಆಮೇಲೆ ಸಾವಿರ-ಸಾವಿರದ ರ‍್ಯಾಂಡಮ್ ಮ್ಯಾಟ್ರಿಕ್ಸ್ ತೆಗೆದು, ಅದಕ್ಕೆ ಅದರದೇ ಟ್ರಾನ್ಸ್‌ಪೋಸ್ ಕೂಡಿಸಿ ಐಗನ್ ಬೆಲೆ ತೆಗೆಯಿರಿ. 0.53ರ ಆಸುಪಾಸು ಬರಬೇಕು. ಕಾಂಪ್ಲೆಕ್ಸ್ ಸಂಖ್ಯೆಗಳಿಂದ ಹರ್ಮಿಷಿಯನ್ ಮ್ಯಾಟ್ರಿಕ್ಸ್ ಕಟ್ಟಿದರೆ 0.60. ಮೂರೂ ಬಂದರೆ ಅಳತೆಗೋಲು ಸರಿಯಿದೆ. ಒಂದು ತಪ್ಪಿದರೂ ಇಲ್ಲೇ ನಿಲ್ಲಿ, ಮುಂದಿನದ್ದೆಲ್ಲ ವ್ಯರ್ಥ.

ದೋಷದ ಅಂಕೆಯನ್ನೂ ಕೈಯಲ್ಲಿಟ್ಟುಕೊಳ್ಳಿ. ಪೊಯ್ಸಾನ್‌ನಲ್ಲಿ ಆರ್‌ನ ಹರಡು ಸುಮಾರು 0.28, ಜಿಒಇಯಲ್ಲಿ ಅದಕ್ಕಿಂತ ತುಸು ಕಡಿಮೆ. ನೂರು ಮಟ್ಟ ತೆಗೆದುಕೊಂಡರೆ ಸರಾಸರಿಯಲ್ಲಿ 0.03ರಷ್ಟು ಅಲುಗಾಟ, ಸಾವಿರಕ್ಕೆ 0.009. ಎಂಟು ಸ್ಪಿನ್ನಿನ ಸರಪಳಿಯಿಂದ 0.50 ಬಂತೆಂದು "ಅರೆಬರೆ ಕೇಯಾಸ್" ಎಂದು ಬರೆದರೆ ವೈವಾದಲ್ಲಿ ಸಿಕ್ಕಿಬೀಳುತ್ತೀರಿ.

## ಲಕ್ಷಣ: ಆರ್ ಬೆಲೆ "ನ್ಯಾನ್", ಸೊನ್ನೆ, ಅಥವಾ 1ಕ್ಕಿಂತ ಹೆಚ್ಚು

ನ್ಯಾನ್ ಎಂದರೆ ಎಲ್ಲೋ ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದ್ದೀರಿ, ಅಂದರೆ ಮೂರು ಮಟ್ಟಗಳು ಒಂದರ ಮೇಲೊಂದು ಕೂತಿವೆ. ಒಂದೇ ಒಂದು ನ್ಯಾನ್ ಇಡೀ ಸರಾಸರಿಯನ್ನು ಕೆಡಿಸುತ್ತದೆ. ಅದನ್ನು ಸೋಸಿ ಮುಂದೆ ಹೋಗುವ ಆಸೆಯಾಗುತ್ತದೆ, ಬೇಡ. ಮಟ್ಟಗಳು ಕೂಡಿ ಬೀಳಲು ಕಾರಣವಿರುತ್ತದೆ, ಆ ಕಾರಣವೇ ನಿಮಗೆ ಬೇಕಾದ ಸುಳಿವು.

ಆರ್ ಹೆಚ್ಚೂಕಡಿಮೆ ಸೊನ್ನೆಯಾದರೆ ಪ್ರತಿ ಮಟ್ಟವೂ ಜೋಡಿಯಾಗಿದೆ. ಬೆಸ ಸಂಖ್ಯೆಯ ಅರೆ-ಸ್ಪಿನ್‌ಗಳು, ಕಾಂತಕ್ಷೇತ್ರ ಇಲ್ಲ: ಇದು ಕ್ರೇಮರ್ಸ್ ಜೋಡಿ. ಸ್ಪಿನ್ ಸಂಖ್ಯೆಯನ್ನು ಸಮ ಮಾಡಿ, ಇಲ್ಲವೇ ಜೋಡಿಯಲ್ಲಿ ಒಂದನ್ನು ಮಾತ್ರ ಇಟ್ಟುಕೊಳ್ಳಿ. ಉಂಗುರದಂತೆ ಕಟ್ಟಿದ ಸರಪಳಿಯಲ್ಲಿ ಬಲಕ್ಕೂ ಎಡಕ್ಕೂ ಸಾಗುವ ಮೊಮೆಂಟಮ್ ಬ್ಲಾಕುಗಳಿಗೆ (ಬ್ಲಾಕು ಎಂದರೆ ಒಂದೇ ಸಮಮಿತಿಯ ಸ್ಥಿತಿಗಳ ಗುಂಪು) ಒಂದೇ ಮಟ್ಟಗಳಿರುತ್ತವೆ, ಅದೂ ಇದೇ ರೋಗ.

ಆರ್ ಋಣ ಬಂದರೆ ಅಥವಾ 1 ದಾಟಿದರೆ ಮಟ್ಟಗಳು ಏರಿಕೆ ಕ್ರಮದಲ್ಲಿಲ್ಲ. ಪೈಥಾನಿನ ನಂಪೈಯಲ್ಲಿ "ಐಗ್" ಬಳಸಿದ್ದೀರಿ. ಅದು ಕ್ರಮ ಹಚ್ಚಿಕೊಡುವುದಿಲ್ಲ. "ಐಗ್‌ಎಚ್" ಬಳಸಿ. ಬರೀ ಮಟ್ಟಗಳು ಸಾಕಾದರೆ "ಐಗ್‌ವ್ಯಾಲ್ಸ್‌ಎಚ್" ಇನ್ನೂ ಬೇಗ ಮುಗಿಯುತ್ತದೆ. ಆದರೆ ಇದರಲ್ಲೊಂದು ಮೋಸವಿದೆ: ಐಗ್‌ಎಚ್ ಮ್ಯಾಟ್ರಿಕ್ಸಿನ ಕೆಳಗಿನ ತ್ರಿಕೋನವನ್ನು ಮಾತ್ರ ಓದುತ್ತದೆ. ನಿಮ್ಮ ಮ್ಯಾಟ್ರಿಕ್ಸ್ ಹರ್ಮಿಷಿಯನ್ ಅಲ್ಲದಿದ್ದರೂ ತುಟಿ ಬಿಚ್ಚದೆ ಯಾವುದೋ ಉತ್ತರ ಕೊಟ್ಟು ಕೂರುತ್ತದೆ. ಹ್ಯಾಮಿಲ್ಟೋನಿಯನ್ (ವ್ಯವಸ್ಥೆಯ ಶಕ್ತಿಯ ಮ್ಯಾಟ್ರಿಕ್ಸ್) ಕಟ್ಟಿದ ಕೂಡಲೇ ಅದರಿಂದ ಅದರ ಕಾಂಜುಗೇಟ್ ಟ್ರಾನ್ಸ್‌ಪೋಸ್ ಕಳೆದು, ಉಳಿದದ್ದರ ಅತಿ ದೊಡ್ಡ ಅಂಕೆ ಸೊನ್ನೆಯೇ ಎಂದು ನೋಡುವ ಸಾಲೊಂದನ್ನು ಕೋಡಿನಲ್ಲಿ ಕಾಯಂ ಇಡಿ.

## ಲಕ್ಷಣ: 0.53 ಬರಬೇಕಿತ್ತು, 0.42 ಬರುತ್ತಿದೆ

ಅತಿ ಹೆಚ್ಚು ಜನ ಸಿಕ್ಕಿಬೀಳುವುದು ಇಲ್ಲಿ. ಸಂಖ್ಯೆಯೇ ರೋಗದ ಹೆಸರು ಹೇಳುತ್ತದೆ: ಒಂದೇ ಗಾತ್ರದ ಎರಡು ಜಿಒಇ ಬ್ಲಾಕುಗಳನ್ನು ಬೆರೆಸಿದರೆ ಆರ್ 0.423. ನಿಮ್ಮ ವ್ಯವಸ್ಥೆಯಲ್ಲಿ ನೀವು ಬೇರ್ಪಡಿಸದ ಒಂದು ಸಮಮಿತಿ ಉಳಿದಿದೆ.

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಒಬ್ಬನೇ ಮಾಲೀಕ ಬಸ್ ಬಿಟ್ಟರೆ ಒಂದರ ಬೆನ್ನಿಗೆ ಇನ್ನೊಂದನ್ನು ಬಿಡುವುದಿಲ್ಲ. ಎರಡಕ್ಕೂ ಸೀಟು ತುಂಬುವುದಿಲ್ಲ. ಅಂತರ ಕಾಯುತ್ತಾನೆ. ಒಬ್ಬರಿಗೊಬ್ಬರು ಕೇಳದ ಇಬ್ಬರು ಮಾಲೀಕರಿದ್ದರೆ ಎರಡು ಬಸ್ಸು ಒಟ್ಟಿಗೇ ಬಂದು ನಿಲ್ಲುವುದೂ ಉಂಟು. ಬೇರೆ ಸಮಮಿತಿಯ ಮಟ್ಟಗಳೂ ಹೀಗೆ, ಒಂದನ್ನೊಂದು ತಳ್ಳುವುದಿಲ್ಲ. (ಬಸ್ಸಿನ ಮಾತು ಬರೀ ಹೋಲಿಕೆಯಲ್ಲ: ಮೆಕ್ಸಿಕೊದ ಕ್ವೆರ್ನವಾಕಾ ನಗರದ ಬಸ್ಸುಗಳ ಅಂತರ ಜಿಯುಇಗೆ ಹೊಂದುತ್ತದೆ ಎಂದು ಕ್ರ್ಬಾಲೆಕ್ ಮತ್ತು ಷೆಬಾ 2000ದಲ್ಲಿ ತೋರಿಸಿದ್ದಾರೆ.)

ನಮ್ಮ ಐಸಿಂಗ್ ಸರಪಳಿಯಲ್ಲಿ ಉಳಿದಿರುವುದು ಕನ್ನಡಿ ಸಮಮಿತಿ: ಸರಪಳಿಯನ್ನು ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಬೇರ್ಪಡಿಸುವುದು ಹೀಗೆ. 4096 ಬಿಟ್ ಸಾಲುಗಳಲ್ಲಿ ಒಂದೊಂದನ್ನೂ ತಿರುಗಿಸಿ ಬರೆಯಿರಿ. ತಿರುಗಿಸಿದರೂ ಅದೇ ಇರುವ ಸಾಲುಗಳು 64. ಅವು ಸಮ ಬ್ಲಾಕಿಗೆ. ಉಳಿದ 4032 ಸಾಲುಗಳು 2016 ಜೋಡಿಯಾಗುತ್ತವೆ. ಪ್ರತಿ ಜೋಡಿಯ ಮೊತ್ತವನ್ನು √2ರಿಂದ ಭಾಗಿಸಿ ಸಮ ಬ್ಲಾಕಿಗೆ, ವ್ಯತ್ಯಾಸವನ್ನು ಹಾಗೆಯೇ ಬೆಸ ಬ್ಲಾಕಿಗೆ ಹಾಕಿ. ಸಮ 2080, ಬೆಸ 2016. ನಿಮ್ಮ ಎಣಿಕೆ ಇದಾಗದಿದ್ದರೆ ಬಿಟ್ ತಿರುಗಿಸುವ ಫಂಕ್ಷನ್ ತಪ್ಪಿದೆ; ಮುಂದಿನ ಸೊನ್ನೆಗಳನ್ನು ನುಂಗಿಬಿಟ್ಟಿರುವುದೇ ಸಾಮಾನ್ಯ ಕಾರಣ. ಆಮೇಲೆ ಒಂದೊಂದು ಬ್ಲಾಕಿನ ಆರ್ ಬೇರೆಬೇರೆ ತೆಗೆದು, ಕೊನೆಗೆ ಸರಾಸರಿ ಮಾಡಿ. ಬ್ಲಾಕುಗಳ ಮಟ್ಟಗಳನ್ನು ಮತ್ತೆ ಒಂದೇ ಪಟ್ಟಿಗೆ ಸೇರಿಸಿ ಲೆಕ್ಕ ಹಾಕಿದರೆ ಮಾಡಿದ್ದೆಲ್ಲ ನೀರುಪಾಲು.

ಅಷ್ಟು ಕೆಲಸ ಬೇಡವೆಂದರೆ ಅಗ್ಗದ ದಾರಿಯಿದೆ: ಮೊದಲ ಸ್ಪಿನ್ನಿನ ಉದ್ದ ಕ್ಷೇತ್ರವನ್ನು ಮಾತ್ರ ಸ್ವಲ್ಪ ಬದಲಿಸಿ ಕನ್ನಡಿಯನ್ನೇ ಒಡೆಯಿರಿ. ಎಷ್ಟು? ಈ ಸರಪಳಿಯ ನಡುಭಾಗದಲ್ಲಿ ಮಟ್ಟಗಳ ಸರಾಸರಿ ಅಂತರ ಸುಮಾರು 0.003. ಕ್ಷೇತ್ರವನ್ನು 0.001ರಷ್ಟು ಬದಲಿಸಿದರೆ ಎರಡು ಬ್ಲಾಕುಗಳು ಬೆರೆಯುವುದಿಲ್ಲ, ಆರ್ 0.42ರಲ್ಲೇ ಕೂರುತ್ತದೆ. 0.2ರಿಂದ 0.3 ಇಡಿ. ನನ್ನ ಮಟ್ಟಿಗೆ ರೋಗ ಪತ್ತೆಗೆ ಈ ದಾರಿ ಸಾಕು; ವರದಿಗೆ ಹಾಕುವ ಅಂಕೆ ಬ್ಲಾಕಿನದ್ದೇ ಇರಲಿ.

ಹೈಸನ್‌ಬರ್ಗ್ ಬಗೆಯ ಸರಪಳಿಗಳಲ್ಲಿ (ಪಕ್ಕದ ಸ್ಪಿನ್‌ಗಳಿಗೆ ಎಕ್ಸ್, ವೈ, ಝಡ್ ಮೂರೂ ದಿಕ್ಕಿನಲ್ಲಿ ನಂಟಿರುವವು) ಸಮಮಿತಿ ಇನ್ನೂ ಹೆಚ್ಚು. ಒಟ್ಟು ಝಡ್-ಸ್ಪಿನ್ ಉಳಿಯುತ್ತದೆ (12 ಸ್ಪಿನ್ನಿಗೆ ಸೊನ್ನೆಯ ಬ್ಲಾಕಿನ ಗಾತ್ರ 924), ಆ ಬ್ಲಾಕಿನೊಳಗೆ ಎಲ್ಲಾ ಸ್ಪಿನ್ ತಲೆಕೆಳಗು ಮಾಡುವ ಸಮಮಿತಿ, ಜೊತೆಗೆ ಕನ್ನಡಿ. ಡೆಲ್ಟಾ (ಉಳಿದೆರಡು ದಿಕ್ಕಿಗೆ ಹೋಲಿಸಿದ ಝಡ್ ನಂಟಿನ ಬಲ) 1 ಆದರೆ ಒಟ್ಟು ಸ್ಪಿನ್ ಕೂಡ. ಮೂರು ನಾಲ್ಕು ಬ್ಲಾಕು ಬೆರೆತರೆ ಆರ್ 0.386ರ ಕಡೆಗೆ ಜಾರುತ್ತದೆ, ಆಗ ಕೇಯಾಸ್ ಇಲ್ಲವೆಂದು ಮೋಸ ಹೋಗುವುದು ಸುಲಭ.

## ಲಕ್ಷಣ: ಎಲ್ಲ ಬೇರ್ಪಡಿಸಿದರೂ 0.386, ಅಥವಾ ಅದಕ್ಕೂ ಕೆಳಗೆ

ಈಗ ಮಾದರಿಯನ್ನೇ ಅನುಮಾನಿಸಿ. ಐಸಿಂಗ್ ಸರಪಳಿಯಲ್ಲಿ ಉದ್ದ ಕ್ಷೇತ್ರ ಸೊನ್ನೆಯಾದರೆ ಅದು ಮುಕ್ತ ಫರ್ಮಿಯಾನ್‌ಗಳಾಗಿ ಬಿಡಿಸಿಕೊಳ್ಳುತ್ತದೆ. ಅಲ್ಲಿ ಕೇಯಾಸ್ ಇಲ್ಲ. ಒಂದೇ ಮೊತ್ತ ಹಲವು ದಾರಿಯಲ್ಲಿ ಬಂದರೆ ಆರ್ ಪೊಯ್ಸಾನ್‌ಗಿಂತಲೂ ಕೆಳಗಿಳಿಯಬಹುದು. ಪಕ್ಕದವರ ನಂಟು ಮಾತ್ರ ಇರುವ ಎಕ್ಸ್‌ಎಕ್ಸ್‌ಝಡ್ ಸರಪಳಿ (ಮೇಲಿನ ಹೈಸನ್‌ಬರ್ಗ್ ಬಗೆಯದು) ಬೇತೆ ಆನ್ಸಾಟ್ಸ್ ಎಂಬ ವಿಧಾನದಿಂದ ಬಿಡಿಸಬಲ್ಲದ್ದು. ಎಷ್ಟು ಉದ್ದ ಮಾಡಿದರೂ ಪೊಯ್ಸಾನ್. ಇದನ್ನು ಒಡೆಯಲು ಒಂದು ಬಿಟ್ಟು ಒಂದರ ನಂಟು ಸೇರಿಸಿ, ಅಥವಾ ಸರಪಳಿಯ ಒಳಗಿನ ಒಂದು ಸ್ಪಿನ್ನಿಗೆ ಮಾತ್ರ, ನಂಟಿನಷ್ಟೇ ಪ್ರಮಾಣದ ಕ್ಷೇತ್ರ ಕೊಡಿ. ತುದಿಯ ಸ್ಪಿನ್ನಿಗೆ ಝಡ್ ಕ್ಷೇತ್ರ ಕೊಟ್ಟರೆ ಪ್ರಯೋಜನವಿಲ್ಲ, ಅದೂ ಬಿಡಿಸಬಲ್ಲದ್ದೇ. ಇನ್ನೊಂದು: ಡೆಲ್ಟಾವನ್ನು 0.5 ಇಡಬೇಡಿ, ಉಂಗುರದ ಸರಪಳಿಯಲ್ಲಿ ಆ ಬೆಲೆಗೆ ಹೆಚ್ಚುವರಿ ಜೋಡಿ ಮಟ್ಟಗಳು ಹುಟ್ಟುತ್ತವೆ. 0.48 ಇಟ್ಟರೆ ತಲೆನೋವಿಲ್ಲ.

ಕಿಕ್ಡ್ ರೋಟರ್ (ಸಮ ಅಂತರದಲ್ಲಿ ಒದೆತ ತಿನ್ನುತ್ತಾ ತಿರುಗುವ ಕಣದ ಮಾದರಿ) ಮಾಡುತ್ತಿರುವವರಿಗೆ ಪ್ರತ್ಯೇಕ ಮಾತು. ಕ್ಲಾಸಿಕಲ್ ನಕ್ಷೆಯಲ್ಲಿ ಒದೆತದ ಬಲ 0.9716 ದಾಟಿದರೆ ಕೇಯಾಸ್ ಎಲ್ಲೆಡೆ ಹರಿಯುತ್ತದೆ. ಬಲ 5 ಇಟ್ಟರೂ ಕ್ವಾಂಟಮ್ ಮಟ್ಟಗಳು ಪೊಯ್ಸಾನ್ ಬಂದರೆ ಅದು ಕೋಡಿನ ದೋಷವಲ್ಲ. ಕಸಾಟಿ, ಚಿರಿಕೋವ್, ಇಜ್ರೈಲೆವ್, ಫೋರ್ಡ್ 1979ರಲ್ಲೇ ಕಂಡಂತೆ ಶಕ್ತಿ ಸ್ವಲ್ಪ ಹೊತ್ತು ಏರಿ ನಿಂತುಬಿಡುತ್ತದೆ. ಫಿಶ್‌ಮನ್, ಗ್ರೆಂಪೆಲ್, ಪ್ರೇಂಜ್ 1982ರಲ್ಲಿ ಇದನ್ನು ಆಂಡರ್ಸನ್ ಲೋಕಲೈಸೇಶನ್‌ಗೆ (ಅಲೆ ಹರಡದೆ ಒಂದೆಡೆ ಸಿಕ್ಕಿಕೊಳ್ಳುವುದಕ್ಕೆ) ಜೋಡಿಸಿದರು. ಜಿಒಇ ಬಗೆಯ ಅಂಕೆಯೇ ನೋಡಬೇಕೆಂದಿದ್ದರೆ ಕಿಕ್ಡ್ ಟಾಪ್‌ಗೆ ಬನ್ನಿ, ಅಂದರೆ ಒದೆತ ತಿನ್ನುವ ಒಂದೇ ದೊಡ್ಡ ಸ್ಪಿನ್ನಿಗೆ: ಸ್ಪಿನ್ನಿನ ಗಾತ್ರ ಜೆ 500, ತಿರುಗಿಸುವ ಕೋನ 1.7, ಒದೆತ 10. 1001 ಮಟ್ಟಗಳು 501 ಮತ್ತು 500ರ ಎರಡು ಬ್ಲಾಕಾಗುತ್ತವೆ. ಮಟ್ಟಗಳು ವೃತ್ತದ ಮೇಲೆ ಸಮನಾಗಿ ಹರಡಿರುವುದರಿಂದ ಅನ್‌ಫೋಲ್ಡಿಂಗ್ ಗೊಡವೆಯೂ ಇಲ್ಲ.

## ಲಕ್ಷಣ: 0.46, 0.49, ಎಲ್ಲೂ ನಿಲ್ಲುವುದಿಲ್ಲ

ಪಟ್ಟಿಯ ಎರಡೂ ತುದಿಗಳನ್ನು ಕತ್ತರಿಸಿ. ಅತಿ ಕೆಳಗಿನ ಮತ್ತು ಅತಿ ಮೇಲಿನ ಮಟ್ಟಗಳು ಕೇಯಾಸ್ ಇರುವ ಮಾದರಿಯಲ್ಲೂ ಸಭ್ಯವಾಗಿಯೇ ಇರುತ್ತವೆ. ನಡುವಿನ ಅರ್ಧ ಭಾಗ ಮಾತ್ರ ಇಟ್ಟುಕೊಳ್ಳಿ. ಆಮೇಲೆ ಸ್ಪಿನ್ ಸಂಖ್ಯೆಯನ್ನು 10, 12, 13, 14 ಎಂದು ಏರಿಸಿ. ಆರ್ 0.53ರ ಕಡೆ ಏರುತ್ತಿದ್ದರೆ ವ್ಯವಸ್ಥೆ ಚಿಕ್ಕದಾಗಿತ್ತು ಅಷ್ಟೇ. ಇಳಿಯುತ್ತಿದ್ದರೆ ಇಂಟಿಗ್ರೇಬಲ್ ಬಿಂದುವಿನ ಹತ್ತಿರವಿದ್ದೀರಿ ಅಥವಾ ರ‍್ಯಾಂಡಮ್ ಕ್ಷೇತ್ರ ಜೋರಾಗಿ ಲೋಕಲೈಸ್ ಆಗುತ್ತಿದೆ. ಅಲುಗಾಡದೆ ನಿಂತರೆ ಇನ್ನೂ ಒಂದು ಸಮಮಿತಿ ಅಡಗಿದೆಯೇ ಎಂದು ಮತ್ತೆ ಹುಡುಕಿ.

## ಲಕ್ಷಣ: ಆರ್ ಸರಿ, ಹಿಸ್ಟೊಗ್ರಾಂ ಮಾತ್ರ ಸೊಟ್ಟ

ಇದು ಅನ್‌ಫೋಲ್ಡಿಂಗ್ ಸಮಸ್ಯೆ. ಮಟ್ಟಗಳ ಎಣಿಕೆಯ ಮೆಟ್ಟಿಲಿಗೆ ನಯವಾದ ಗೆರೆ ಕೂರಿಸಿ, ಸರಾಸರಿ ಅಂತರ 1 ಆಗುವಂತೆ ಮಾಡಬೇಕು. ಆರರಿಂದ ಹತ್ತರ ಘಾತದ ಬಹುಪದ ಸಾಕು. ಮೂವತ್ತರ ಘಾತ ಹಾಕಿದರೆ ಗೆರೆ ನಿಜವಾದ ಏರಿಳಿತವನ್ನೂ ನುಂಗುತ್ತದೆ. ಪಕ್ಕದ ಅಂತರಗಳಲ್ಲಿ ಅದು ಅಷ್ಟಾಗಿ ಕಾಣದು, ಆದರೆ ನಂಬರ್ ವೇರಿಯನ್ಸ್ (ಒಂದು ಅಳತೆಯ ಕಿಟಕಿಯಲ್ಲಿ ಬೀಳುವ ಮಟ್ಟಗಳ ಎಣಿಕೆಯ ಏರಿಳಿತ) ಲೆಕ್ಕದಲ್ಲಿ ಇಲ್ಲದ ಬಿಗಿತ ಕಾಣಿಸುತ್ತದೆ. ಬ್ಲಾಕಿಗೊಂದು ಅನ್‌ಫೋಲ್ಡಿಂಗ್ ಮಾಡಿ. ಸರಾಸರಿ 1 ಬಂದಿದೆಯೇ ಎಂದು ನೋಡದೆ ವಿಗ್ನರ್ ಗೆರೆಯನ್ನು (ಜಿಒಇ ಅಂತರಗಳ ಹಂಚಿಕೆಯ ಗೆರೆ) ಮೇಲೆ ಎಳೆಯಬೇಡಿ.

## ಲಕ್ಷಣ: ಓಟಿಒಸಿ ಘಾತೀಯವಾಗಿ ಏರುತ್ತಿದೆ, ಆರ್ ಪೊಯ್ಸಾನ್ ಎನ್ನುತ್ತಿದೆ

ಓಟಿಒಸಿ (ಔಟ್-ಆಫ್-ಟೈಮ್-ಆರ್ಡರ್ ಕೋರಿಲೇಟರ್) ಎಂದರೆ ಒಂದೆಡೆಯ ಸಣ್ಣ ತಟ್ಟು ಕಾಲ ಕಳೆದಂತೆ ಎಷ್ಟು ಹರಡಿತೆಂದು ತೋರಿಸುವ ಅಳತೆ. ಯಾರನ್ನು ನಂಬುವುದು? ಆರ್ ಅನ್ನು. ಲಾರ್ಕಿನ್ ಮತ್ತು ಓವ್ಚಿನ್ನಿಕೋವ್ 1969ರಲ್ಲಿ ತಂದ ಓಟಿಒಸಿಗೆ, ಮಾಲ್ಡಸೆನಾ, ಶೆಂಕರ್, ಸ್ಟ್ಯಾನ್‌ಫರ್ಡ್ 2016ರಲ್ಲಿ ಏರಿಕೆಯ ವೇಗಕ್ಕೆ ಮೇಲ್ಮಿತಿ ತೋರಿಸಿದ ಮೇಲೆ ಬೇಡಿಕೆ ಬಂತು. ಆದರೆ ಪೊಟೆನ್ಶಿಯಲ್‌ನಲ್ಲಿ ಒಂದೇ ಒಂದು ಅಸ್ಥಿರ ದಿಬ್ಬವಿದ್ದರೂ ಓಟಿಒಸಿ ಘಾತೀಯವಾಗಿ ಏರುತ್ತದೆ. ಷು, ಸ್ಕಾಫಿಡಿ, ಚಾವ್ 2020ರಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ಏರಿಕೆಯ ನಂತರ ಏನಾಗುತ್ತದೆ ನೋಡಿ: ಕೇಯಾಸ್ ಇದ್ದರೆ ಒಂದು ಬೆಲೆಗೆ ಏರಿ ಅಲ್ಲೇ ನಿಲ್ಲುತ್ತದೆ, ದಿಬ್ಬದ ಏರಿಕೆಯಾದರೆ ದೊಡ್ಡ ದೊಡ್ಡ ಏರಿಳಿತ ಮುಂದುವರಿಯುತ್ತದೆ.

ತದ್ವಿರುದ್ಧ ದೂರೂ ಇದೆ: ಅರೆ-ಸ್ಪಿನ್ ಸರಪಳಿಯಲ್ಲಿ ಘಾತೀಯ ಏರಿಕೆಯೇ ಕಾಣುವುದಿಲ್ಲ ಎಂದು. ಕಾಣಬೇಕಿಲ್ಲ. ಏರಿಕೆಗೆ ಜಾಗ ಕೊಡುವ ಚಿಕ್ಕ ಸಂಖ್ಯೆ ಅಲ್ಲಿಲ್ಲ. ಲಾಗ್ ಗ್ರಾಫಿನ ನಾಲ್ಕು ಬಿಂದುಗಳ ಮೇಲೆ ಸರಳರೇಖೆ ಎಳೆದು ಲ್ಯಾಪುನೋವ್ ಘಾತ (ಘಾತೀಯ ಏರಿಕೆಯ ವೇಗ) ಎಂದು ಬರೆಯಬೇಡಿ.

ಕಾಲವನ್ನು ತುಂಡು ಮಾಡಿ ಟ್ರಾಟರ್ ವಿಧಾನದಲ್ಲಿ ನಡೆಸುತ್ತಿದ್ದರೆ ಹೆಜ್ಜೆಯನ್ನು ಅರ್ಧಕ್ಕೆ ಇಳಿಸಿ ನೋಡಿ. ದೊಡ್ಡ ಹೆಜ್ಜೆ ಎಂದರೆ ನೀವೇ ವ್ಯವಸ್ಥೆಗೆ ಒದೆಯುತ್ತಿದ್ದೀರಿ ಎಂದರ್ಥ. ಇಂಟಿಗ್ರೇಬಲ್ ಮಾದರಿಯಲ್ಲಿ ಕೇಯಾಸ್ ಕಂಡು, ಹೆಜ್ಜೆ ಅರ್ಧವಾದಾಗ ಅದು ಮಾಯವಾದರೆ ಕಾರಣ ಅದೇ.

## ಲಕ್ಷಣ: ಸ್ಪೆಕ್ಟ್ರಲ್ ಫಾರ್ಮ್ ಫ್ಯಾಕ್ಟರಿನಲ್ಲಿ ಬರೀ ಗದ್ದಲ

ಒಂದೇ ಹ್ಯಾಮಿಲ್ಟೋನಿಯನ್‌ನ ಫಾರ್ಮ್ ಫ್ಯಾಕ್ಟರ್ (ಮಟ್ಟಗಳ ಪರಸ್ಪರ ಸಂಬಂಧವನ್ನು ಕಾಲಕ್ಕೆ ಎದುರಾಗಿ ತೋರಿಸುವ ಗ್ರಾಫು) ಯಾವತ್ತೂ ಗದ್ದಲವೇ. ಇದು ತಾನಾಗಿ ಸರಾಸರಿಗೆ ಬರುವ ಅಳತೆಯಲ್ಲ. ಪ್ರತಿ ಸ್ಪಿನ್ನಿನ ಕ್ಷೇತ್ರಕ್ಕೆ ಸಣ್ಣ ರ‍್ಯಾಂಡಮ್ ಅಂಕೆ ಸೇರಿಸಿ ನೂರಿನ್ನೂರು ಮಾದರಿಗಳ ಸರಾಸರಿ ತೆಗೆದರೆ ಇಳಿಜಾರು, ಏರು, ಸಮತಟ್ಟು ಮೂರೂ ಮೂಡುತ್ತವೆ. ರ‍್ಯಾಂಡಮ್ ಕ್ಷೇತ್ರ ಕನ್ನಡಿಯನ್ನೂ ಒಡೆಯುವುದರಿಂದ ಇಲ್ಲಿ ಪೂರ್ತಿ 4096 ಮಟ್ಟ ಬಳಸಿ. ಕಾಲದ ವ್ಯಾಪ್ತಿ ಸಾಕೇ ನೋಡಿ: ಸಮತಟ್ಟು ಶುರುವಾಗುವುದು ಎರಡು ಪೈಯನ್ನು ಸರಾಸರಿ ಅಂತರದಿಂದ ಭಾಗಿಸಿದ ಕಾಲಕ್ಕೆ, ನಮ್ಮ ಸರಪಳಿಯಲ್ಲಿ ಎರಡು ಸಾವಿರದ ಹತ್ತಿರ. 50ರವರೆಗೆ ನಡೆಸಿ ಸಮತಟ್ಟು ಹುಡುಕಿದರೆ ಸಿಗದು. ಎರಡೂ ಅಕ್ಷ ಲಾಗ್ ಇರಲಿ.

## ಲಕ್ಷಣ: ಲ್ಯಾಪ್‌ಟಾಪ್ ಹೆಪ್ಪುಗಟ್ಟುತ್ತದೆ

14 ಸ್ಪಿನ್ನಿಗೆ ಮ್ಯಾಟ್ರಿಕ್ಸಿನ ಬದಿ 16384. ಡಬಲ್ ಪ್ರಿಸಿಶನ್‌ನಲ್ಲಿ ಅದೊಂದೇ 2.1 ಜಿಬಿ. ಐಗನ್ ವೆಕ್ಟರನ್ನೂ ಕೇಳಿದರೆ ಅದರ ಮೂರು ನಾಲ್ಕು ಪಟ್ಟು. 8 ಜಿಬಿ ಯಂತ್ರ ಡಿಸ್ಕಿಗೆ ಬರೆಯಲು ಶುರುಮಾಡುತ್ತದೆ, ಆಗ ಕಾಯುವುದು ದಂಡ, ಕೆಲಸ ನಿಲ್ಲಿಸಿ. ಸಮ ಬ್ಲಾಕಿಗೆ ಇಳಿದರೆ ಬದಿ 8256, ಸುಮಾರು 545 ಎಂಬಿ, ಆರಾಮವಾಗಿ ಹಿಡಿಸುತ್ತದೆ. ಬದಿ ಅರ್ಧವಾದರೆ ಸಮಯ ಎಂಟರಲ್ಲೊಂದು ಪಾಲಿಗೆ ಇಳಿಯುತ್ತದೆ ಎಂಬುದು ಉಳಿತಾಯದ ಇನ್ನೊಂದು ಮುಖ. ಜಾಗ ಉಳಿಸಲೆಂದು ಸಿಂಗಲ್ ಪ್ರಿಸಿಶನ್‌ಗೆ ಹೋಗಬೇಡಿ: ಏಳೇ ಅಂಕಿಯ ನಿಖರತೆಯಲ್ಲಿ ಅತಿ ಚಿಕ್ಕ ಅಂತರಗಳು ಕೆಡುತ್ತವೆ, ನೀವು ಅಳೆಯಹೊರಟಿರುವುದೇ ಅವನ್ನು.

ಏಪ್ರಿಲ್ ಬಿಸಿಲಿನಲ್ಲಿ ರಾತ್ರಿಯಿಡೀ ಓಡಿಸುವವರು ಲ್ಯಾಪ್‌ಟಾಪನ್ನು ಹಾಸಿಗೆ, ದಿಂಬಿನ ಮೇಲಿಡಬೇಡಿ, ಗಾಳಿಕಿಂಡಿ ಮುಚ್ಚುತ್ತದೆ. ಟಚ್‌ಪ್ಯಾಡ್ ಉಬ್ಬಿದಂತೆ ಕಂಡರೆ ಬ್ಯಾಟರಿ ಊದಿದೆ: ಆಫ್ ಮಾಡಿ, ಚಾರ್ಜರ್ ತೆಗೆದು, ರಿಪೇರಿಯವರಿಗೆ ಕೊಡಿ, ನೀವು ಬಿಚ್ಚಬೇಡಿ. ಕರೆಂಟ್ ಹೋಗುವುದು ಇದ್ದದ್ದೇ, ಆದ್ದರಿಂದ ಐಗನ್ ಬೆಲೆಗಳು ಸಿಕ್ಕ ಕೂಡಲೇ ಫೈಲಿಗೆ ಬರೆದು, ಆರ್ ಲೆಕ್ಕವನ್ನು ಆ ಫೈಲಿನಿಂದ ಮಾಡಿ.

## ಲ್ಯಾಬಿನ ಮೈಕ್ರೊವೇವ್ ಬಿಲಿಯರ್ಡ್‌ನಲ್ಲಿ ಮಟ್ಟಗಳು ಕಡಿಮೆ ಸಿಕ್ಕರೆ

ಸಮ್ಮರ್ ಪ್ರಾಜೆಕ್ಟಿಗೆ ಹೊರಗೆ ಹೋದವರಿಗೆ ಇಷ್ಟು ಸಾಕು. ಮೈಕ್ರೊವೇವ್ ಬಿಲಿಯರ್ಡ್ ಎಂದರೆ ಚಪ್ಪಟೆ ಲೋಹದ ಕುಹರ, ಅದರ ಅನುರಣನಗಳೇ ಇಲ್ಲಿ ಮಟ್ಟಗಳು. ಕುಹರದ ಎತ್ತರ 8 ಮಿ.ಮೀ. ಇದ್ದರೆ 18.75 ಗಿಗಾಹರ್ಟ್ಸ್‌ಗಿಂತ ಕೆಳಗೆ ಮಾತ್ರ ಅದು ಎರಡು ಆಯಾಮದ ಕ್ವಾಂಟಮ್ ಬಿಲಿಯರ್ಡಿಗೆ ಸಮ. ಮೇಲೆ ಹೋದರೆ ಅಂಕೆಗೆ ಅರ್ಥವಿಲ್ಲ. ಎಷ್ಟು ಅನುರಣನ ಸಿಗಬೇಕೆಂದು ವೈಲ್ ಸೂತ್ರದಿಂದ ಮೊದಲೇ ಎಣಿಸಿ: ಕ್ಷೇತ್ರಫಲ ಗುಣಿಸು ತರಂಗಸಂಖ್ಯೆಯ ವರ್ಗ, ಅದರಿಂದ ಸುತ್ತಳತೆ ಗುಣಿಸು ತರಂಗಸಂಖ್ಯೆ ಕಳೆದು, ನಾಲ್ಕು ಪೈನಿಂದ ಭಾಗಿಸಿ. ನೇರ ಭಾಗ 34.3 ಸೆಂ.ಮೀ., ತ್ರಿಜ್ಯ 20 ಸೆಂ.ಮೀ. ಇರುವ ಕಾಲು ಸ್ಟೇಡಿಯಂಗೆ (ಓಟದ ಮೈದಾನದ ಆಕಾರದ ನಾಲ್ಕನೇ ಒಂದು ಪಾಲಿಗೆ) 10 ಗಿಗಾಹರ್ಟ್ಸ್‌ವರೆಗೆ ಸುಮಾರು 326. ನಿಮಗೆ 280 ಸಿಕ್ಕಿದ್ದರೆ ಕಳೆದುಹೋದ ಮಟ್ಟಗಳೇ ಫಲಿತಾಂಶವನ್ನು ಪೊಯ್ಸಾನ್ ಕಡೆಗೆ ಎಳೆಯುತ್ತವೆ. ಆಂಟೆನಾ ಒಂದೇ ಕಡೆ ಇದ್ದರೆ ಅಲ್ಲಿ ನೋಡ್ (ಅಲೆ ಸೊನ್ನೆಯಾಗುವ ಜಾಗ) ಬಿದ್ದ ಮಟ್ಟ ಕಾಣುವುದಿಲ್ಲ. ಎರಡು ಮೂರು ಜಾಗದಿಂದ ಅಳೆದು ಸೇರಿಸಿ.

ನೆಟ್‌ವರ್ಕ್ ಅನಲೈಸರಿನ ಪೋರ್ಟು ಮುಟ್ಟುವ ಮುನ್ನ ಕೈಗೆ ಅರ್ತಿಂಗ್ ಪಟ್ಟಿ ಕಟ್ಟಿ, ಮೈಯ ಸ್ಟ್ಯಾಟಿಕ್ ಸಾಕು ಅದನ್ನು ಸುಡಲು. ಕನೆಕ್ಟರನ್ನು ಟಾರ್ಕ್ ಸ್ಪ್ಯಾನರಿನಲ್ಲೇ ಬಿಗಿಯಿರಿ. ಆಂಪ್ಲಿಫೈಯರ್ ಹಾಕಿರುವಾಗ ಕುಹರದ ಮುಚ್ಚಳ ತೆಗೆಯಬೇಡಿ. ದ್ರವ ಹೀಲಿಯಂ ಬಳಸುವ ಸೂಪರ್‌ಕಂಡಕ್ಟಿಂಗ್ ಕುಹರವಾದರೆ ಕವಾಟಗಳು ಲ್ಯಾಬ್ ಸಿಬ್ಬಂದಿಯ ಕೆಲಸ: ಆವಿಯಾದ ಹೀಲಿಯಂ ಮುಚ್ಚಿದ ಕೋಣೆಯ ಆಮ್ಲಜನಕವನ್ನು ಹೊರದೂಡುತ್ತದೆ, ಮೂಗಿಗೆ ಗೊತ್ತಾಗುವುದಿಲ್ಲ.

## ಯಾವಾಗ ನಿಲ್ಲಿಸಿ ಕೇಳಬೇಕು

ಅಳತೆಗೋಲಿನ ಮೂರು ಪರೀಕ್ಷೆ ಸರಿ, ಬ್ಲಾಕಿನ ಎಣಿಕೆ ಸರಿ, ಸ್ಪಿನ್ ಸಂಖ್ಯೆ ಏರಿಸಿದರೂ ಆರ್ 0.42ರಂಥ ಒಂದು ಬೆಲೆಯಲ್ಲಿ ಅಂಟಿಕೊಂಡಿದೆ ಎಂದರೆ ಒಬ್ಬರೇ ಒದ್ದಾಡಬೇಡಿ. ಅಡಗಿದ ಸಮಮಿತಿ ಹುಡುಕಲು ಅನುಭವದ ಕಣ್ಣು ಬೇಕು. ಗೈಡ್ ಹತ್ತಿರ ಹೋಗುವಾಗ ಕೋಡನ್ನಲ್ಲ, ಒಂದು ಹಾಳೆ ಒಯ್ಯಿರಿ: ಹ್ಯಾಮಿಲ್ಟೋನಿಯನ್ ಕೈಬರಹದಲ್ಲಿ, ಬೇರ್ಪಡಿಸಿದ ಸಮಮಿತಿಗಳು, ಪ್ರತಿ ಬ್ಲಾಕಿನ ಗಾತ್ರ, ಮತ್ತು ಸ್ಪಿನ್ ಸಂಖ್ಯೆಗೆ ಎದುರಾಗಿ ಆರ್ ಹಾಗೂ ಅದರ ದೋಷ. "ಸಾರ್, ಕೇಯಾಸ್ ಬರ್ತಿಲ್ಲ" ಎಂದರೆ ಅವರಿಗೂ ಏನೂ ಹೊಳೆಯುವುದಿಲ್ಲ, "12ಕ್ಕೆ 0.424, 14ಕ್ಕೂ 0.423, ಕನ್ನಡಿ ತೆಗೆದಿದ್ದೇನೆ" ಎಂದರೆ ಹತ್ತು ನಿಮಿಷದ ಕೆಲಸ. ಐಐಎಸ್‌ಸಿಯ ಪರಂ ಪ್ರವೇಗದಂಥ ಸೂಪರ್‌ಕಂಪ್ಯೂಟರ್ ಸಿಕ್ಕರೆ ಸರಿಹೋಗುತ್ತದೆ ಎಂಬ ಆಸೆ ಇಟ್ಟುಕೊಳ್ಳಬೇಡಿ. ಬೇರ್ಪಡಿಸದ ಸಮಮಿತಿ 20 ಸ್ಪಿನ್ನಿನಲ್ಲೂ ಅದೇ 0.423 ಕೊಡುತ್ತದೆ.